ನೆಲ ಸೋಕದ ಕೂಸು

ನನ್ನ ಬಾಯಿ ಜೋರು ಅಂತ ಅರಸೀಕೆರೆಯ ನೆಂಟರೆಲ್ಲ ಬಲ್ಲರು. ಸೊಸೆ ಸುಮಿತ್ರಾಳಿಗೆ ಅದು ಮದುವೆಯಾದ ವಾರದೊಳಗೇ ಗೊತ್ತಾಯಿತು. ಹರಕೆ ಹೊತ್ತದ್ದೂ ಇದೇ ಬಾಯಿ.

ಮಗ ಶ್ರೀಪಾದ ಬ್ಯಾಂಕಿನಲ್ಲಿ ಆಫೀಸರು. ವಿಶಾಖಪಟ್ಟಣದಲ್ಲಿದ್ದಾಗ ಅವನ ಮೊದಲ ಮಗು, ಹೆಣ್ಣು, ಎಂಟು ದಿನದ ಜ್ವರದಲ್ಲಿ ಹೋಗಿಬಿಟ್ಟಿತು. ಎಂಬತ್ತೇಳರಲ್ಲಿ ಸುಮಿತ್ರಾ ಮತ್ತೆ ಬಸುರಾದಾಗ ನಾನು ಮನೆದೇವರಿಗೆ ಕೈಮುಗಿದು ಹೇಳಿಕೊಂಡೆ: "ಸ್ವಾಮಿ, ಈ ಕೂಸನ್ನ ಅವರಪ್ಪನ ಕೈಲೇ ನಿನ್ನ ಹೊಸಿಲ ಮುಂದೆ ಮಲಗಿಸ್ತೀನಿ. ಅಲ್ಲೀವರೆಗೂ ಅದರ ಮೈ ನೆಲಕ್ಕೆ ಸೋಕಿಸಲ್ಲ." ಕೂಸಿಗೆ ಮೂರನೇ ತಿಂಗಳಲ್ಲಿ ಊರಿನ ಗುಡಿಗೆ ಹೋಗಿ ಬಂದರಾಯಿತು ಅಂದುಕೊಂಡಿದ್ದೆ.

ಗಂಡು ಹುಟ್ಟಿತು. ಅಳುವುದಕ್ಕೆ ಸ್ವಲ್ಪ ತಡಮಾಡಿತಂತೆ. ಆಮೇಲೆ ಅತ್ತಿತಲ್ಲ, ಮತ್ತೇನು! ಬಾಲಚಂದ್ರ ಅಂತ ಹೆಸರಿಟ್ಟೆವು. ಮೂರನೇ ತಿಂಗಳಲ್ಲಿ ಶ್ರೀಪಾದನ ಬ್ರಾಂಚಿಗೆ ಇನ್‌ಸ್ಪೆಕ್ಷನ್ ಬಂತು, ರಜೆ ಸಿಗಲಿಲ್ಲ. ಐದನೆಯದರಲ್ಲಿ ವಿಜಯವಾಡಕ್ಕೆ ಟ್ರಾನ್ಸ್‌ಫರ್ ಆಯಿತು. ಅಲ್ಲಿನ ಮ್ಯಾನೇಜರು, ಆರು ತಿಂಗಳು ರಜೆಯ ಮಾತೇ ಎತ್ತಬೇಡಿ ಅಂದನಂತೆ. ಅವನ ಮನೆ ಹಾಳಾಗ!

ವಿಜಯವಾಡದ ಪಟಮಟದಲ್ಲಿ ಹಿಡಿದ ಬಾಡಿಗೆ ಮನೆಯಲ್ಲೂ ಕೂಸು ಸೀರೆಯ ಜೋಲಿಯಲ್ಲಿ ಮಲಗುತ್ತಿತ್ತು, ನನ್ನ ಕಾಲ ಮೇಲೆ ಮೀಯುತ್ತಿತ್ತು. ಉಳಿದ ಹೊತ್ತೆಲ್ಲ ನಮ್ಮ ತೊಡೆ, ಇಲ್ಲವೇ ಕಂಕುಳು. ಪಕ್ಕದ ಮನೆಯ ಲಕ್ಷ್ಮೀಕಾಂತಮ್ಮನ ಮೊಮ್ಮಗಳು ಇವನಿಗಿಂತ ಹದಿನೈದು ದಿನ ಚಿಕ್ಕವಳು. ಅಂಬೆಗಾಲಿಟ್ಟು ನಮ್ಮ ಬಾಗಿಲಿಗೇ ಬರುತ್ತಿದ್ದಳು. "ಬಾಬುನಿ ಕಿಂದ ವದಲಂಡಿ, ಅಮ್ಮಗಾರೂ" ಅಂದಳು ಲಕ್ಷ್ಮೀಕಾಂತಮ್ಮ ಒಂದು ದಿನ, ಮಗುವನ್ನು ಕೆಳಗೆ ಬಿಡಿ ಅಂತ. ಹೆತ್ತವರಿಗೆ ಹೆಗ್ಗಣ ಮುದ್ದು, ತನ್ನ ಮೊಮ್ಮಗಳ ಜಂಬ ನೋಡು ಅಂದುಕೊಂಡು ಬಾಗಿಲು ಹಾಕಿಕೊಂಡೆ.

ಹತ್ತು ತಿಂಗಳು ತುಂಬಿದರೂ ಕೂಸಿನ ಬೆನ್ನು ನಿಲ್ಲಲಿಲ್ಲ. ಕೂರಿಸಿದರೆ ನೆನೆದ ಬಟ್ಟೆಯ ಹಾಗೆ ವಾಲುತ್ತಿತ್ತು. ಆಗ ಶ್ರೀಪಾದ ನನ್ನ ಮಾತು ಕೇಳದೆ ಮಕ್ಕಳ ಡಾಕ್ಟರು ಜಗನ್ಮೋಹನ್ ಅವರ ಹತ್ತಿರ ನಮ್ಮೆಲ್ಲರನ್ನೂ ಕರೆದುಕೊಂಡು ಹೋದ. ಅವರು ಮಗುವನ್ನು ಮಂಚದ ಮೇಲೆ ಬೋರಲು ಹಾಕಿದರು. ಎದೆಯ ಕೆಳಗೆ ಸಿಕ್ಕಿಕೊಂಡ ಕೈಯನ್ನು ಎಳೆದುಕೊಳ್ಳುವುದೂ ಅದಕ್ಕೆ ಆಗಲಿಲ್ಲ.

"ಮೊದಲ ಸಲ ಮಗುಚಿಕೊಂಡಿದ್ದು ಯಾವಾಗ?" ಎಂದು ಕೇಳಿದರು. ಶ್ರೀಪಾದ ನನ್ನ ಮುಖ ನೋಡಿದ, ನಾನು ಸುಮಿತ್ರಾಳ ಮುಖ ನೋಡಿದೆ.

ಅವರ ತೆಲುಗು ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಆಗದಿದ್ದರೇ ವಾಸಿಯಿತ್ತು. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿದೆ, ಅದು ನಿಮ್ಮ ತಪ್ಪಲ್ಲ, ಆದರೆ ಕೆಳಗೆ ಬಿಟ್ಟಿದ್ದರೆ ನಾಲ್ಕೈದು ತಿಂಗಳಿಗೇ ತಿಳಿಯುತ್ತಿತ್ತು ಅಂದರು. ಮೈ ಆಡಿದಷ್ಟೂ ಮೆದುಳು ಕಲಿಯುತ್ತದಂತೆ. ಇನ್ನು ಮುಂದೆ ಮೀಯಿಸುವಾಗ, ಬಟ್ಟೆ ಬದಲಿಸುವಾಗ ಎರಡೂ ಪಕ್ಕಕ್ಕೆ ಹೊರಳಿಸಬೇಕು, ಚಾಪೆಯ ಮೇಲೆ ಬೋರಲು ಹಾಕಿ ಗಿಲಕಿ ಮುಂದಿಟ್ಟು ಕರೆಯಬೇಕು ಅಂತ ಮಾಡಿ ತೋರಿಸಿದರು.

"ನಡೀತಾನಾ?" ಅಂದೆ.

"ಹೇಳಲಾರೆ ಅಮ್ಮ. ಬೇಗ ಬಂದಿದ್ದರೆ ಇಷ್ಟು ಕಷ್ಟ ಆಗುತ್ತಿರಲಿಲ್ಲ."

ಮನೆಗೆ ಬಂದವಳೇ ಚಾಪೆ ಹಾಸಿ, ನನ್ನ ಕೈಯಾರೆ ಕೂಸನ್ನು ಕೆಳಗೆ ಹಾಕಿದೆ. ದೇವರಿಗೆ ಸಿಟ್ಟು ಬಂದರೆ ನನ್ನ ಮೇಲೆ ಬರಲಿ. ಮಗು ಮುಖವನ್ನು ಚಾಪೆಗೆ ಒತ್ತಿ ಅಳುತ್ತಿತ್ತು, ತಲೆ ಎತ್ತಲಾರದೆ. ಶ್ರೀಪಾದ ಹೊರಗೆ ಹೋಗಿಬಿಟ್ಟ.

ಸುಮಿತ್ರಾ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. "ಅತ್ತೆ, ನಾನು ಇವನನ್ನ ಮುಂಚೇನೇ ಕೆಳಗೆ ಹಾಕಿದ್ದೆ" ಅಂದಳು.

"ಯಾವಾಗ?"

"ವೈಜಾಗಲ್ಲಿ, ಇಲ್ಲಿಗೆ ಬರೋಕೆ ಮುಂಚೆ, ಇವನಿಗೆ ನಾಕು ತಿಂಗಳಾದಾಗ. ನೀವು ಸ್ನಾನಕ್ಕೆ ಹೋದಾಗೆಲ್ಲ ಹಾಕಿ ನೋಡ್ತಿದ್ದೆ. ತಲೆ ಎತ್ತಲೇ ಇಲ್ಲ. ಬಲಗೈ ಮುಷ್ಟಿ ಬಿಚ್ಚಲೇ ಇಲ್ಲ. ನಾನು ಹರಕೆ ಮುರಿದೆನಲ್ಲ, ಅದಕ್ಕೇ ದೇವರು ಹೀಗೆ ಮಾಡಿದ ಅಂದ್ಕೊಂಡೆ. ಆಮೇಲೆ ಹಾಕಲಿಲ್ಲ."

ನಾಲ್ಕನೇ ತಿಂಗಳು! ಆರು ತಿಂಗಳಿಂದ ಈ ಹುಡುಗಿ ಒಬ್ಬಳೇ ಇದನ್ನು ನುಂಗಿಕೊಂಡು ಓಡಾಡಿದ್ದಳು.

"ಹಾಳಾದವಳೇ, ನನಗ್ಯಾಕೆ ಹೇಳಲಿಲ್ಲ?" ಎಂದು ಕೂಗಿ ಅವಳ ಕಡೆ ಎದ್ದೆ. ತಬ್ಬಿಕೊಳ್ಳುವುದಕ್ಕೆಂದೇ ಎದ್ದಿದ್ದೆ.

ಅವಳು ಗೋಡೆಗೆ ಆತುಕೊಂಡು ಮುಖಕ್ಕೆ ಎರಡೂ ಕೈ ಅಡ್ಡ ಹಿಡಿದಳು. ದೇವರಾಣೆ, ನಾನು ಅವಳ ಮೇಲೆ ಒಂದು ದಿನವೂ ಕೈಮಾಡಿದವಳಲ್ಲ.