ಕಾಯುವ ಪಟ್ಟಿಯಿಂದ ಎರಡನೆಯ ಪತ್ರ

ಮೊದಲ ಪತ್ರವನ್ನು ಓದಿ ಮುಗಿಸಿದ ರೋಷೆಲ್ ಆಂಬುಲೆನ್ಸಿನ ಸ್ಟೇರಿಂಗಿಗೆ ಹಣೆ ಚಚ್ಚಿಕೊಂಡಳು.

"ಇದನ್ನ ಕಳಿಸಿಬಿಟ್ಟೆಯಾ?"

"ಮೂರು ವಾರ ಆಯ್ತು," ಎಂದಳು ಸೆನ್ಯಾ.

"'ನನಗಿಂತ ಯೋಗ್ಯರು ಪಟ್ಟಿಯಲ್ಲಿದ್ದರೆ ದಯವಿಟ್ಟು ಮೊದಲು ಅವರಿಗೆ ಸೀಟು ಕೊಡಿ, ನಾನು ಕಾಯುತ್ತೇನೆ.' ಲೇ ಮಹಾತಾಯಿ, ಇದು ಮೆಡಿಕಲ್ ಕಾಲೇಜು ಕಣೆ. ಚರ್ಚಿನ ಊಟದ ಸಾಲಲ್ಲ!"

ಸೆನ್ಯಾ ಕಿಟಕಿಯಾಚೆ ನೋಡಿದಳು. ಮೇ ತಿಂಗಳು ಶುರುವಾಗಿದ್ದರೂ ಸುಪೀರಿಯರ್ ಸರೋವರದ ದಂಡೆಯಲ್ಲಿ ಮಂಜುಗಡ್ಡೆಯ ಚೂರುಗಳು ಇನ್ನೂ ತೇಲುತ್ತಿದ್ದವು. ಆ ಸಾಲನ್ನು ಬರೆದಾಗ ಅವಳಿಗೆ ಅದು ತಪ್ಪೆಂದೇ ಅನಿಸಿರಲಿಲ್ಲ. ಇಡೀ ಪತ್ರದಲ್ಲಿ ಅವಳಿಗೆ ಹಿಡಿಸಿದ್ದು ಅದೊಂದೇ ಸಾಲು.

ಸೆನ್ಯಾ ರೌಟಿಯೊಗೆ ಇಪ್ಪತ್ತೈದು ವರ್ಷ. ಊರಿನ ಆಂಬುಲೆನ್ಸಿನಲ್ಲಿ ಪ್ಯಾರಾಮೆಡಿಕ್. ಹೋದ ವರ್ಷ ಹದಿನಾಲ್ಕು ಕಾಲೇಜುಗಳಿಗೆ ಅರ್ಜಿ ಹಾಕಿದ್ದಳು, ಹದಿನಾಲ್ಕೂ ಬೇಡ ಎಂದವು. ಈ ವರ್ಷ ಹದಿಮೂರು ಬೇಡ ಎಂದವು. ಉಳಿದ ಒಂದು ಅವಳನ್ನು ಕಾಯುವವರ ಪಟ್ಟಿಗೆ ಸೇರಿಸಿತು. ಎರಡು ಮೂರು ಕಡೆ ಸೀಟು ಹಿಡಿದಿಟ್ಟುಕೊಂಡವರು ಬೇಸಿಗೆಯ ಹೊತ್ತಿಗೆ ಒಂದನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಬಿಡುತ್ತಾರೆ. ಹಾಗೆ ತೆರವಾದ ಸೀಟನ್ನು ಕಾಲೇಜು ಈ ಪಟ್ಟಿಯಿಂದ ತುಂಬುತ್ತದೆ. ಕರೆದರೆ ಬಂದೇ ಬರುವವರು ಯಾರು, ಸುಮ್ಮನೆ ಹೆಸರು ಉಳಿಸಿಕೊಂಡವರು ಯಾರು ಎಂದು ಅವರಿಗೆ ತಿಳಿಯಬೇಕಲ್ಲ. ಅದಕ್ಕೇ ಪಟ್ಟಿಯಲ್ಲಿರುವವರು ಪತ್ರ ಬರೆಯುತ್ತಾರೆ: ನನಗೆ ಈಗಲೂ ನಿಮ್ಮ ಕಾಲೇಜೇ ಬೇಕು, ಅರ್ಜಿ ಹಾಕಿದ ಮೇಲೆ ಇಷ್ಟಿಷ್ಟು ಮಾಡಿದ್ದೇನೆ ಎಂದು. ತಿಂಗಳಿಗೆ ಒಂದೇ ಪತ್ರ, ಒಂದೇ ಪುಟ, ಕಾಲೇಜಿನ ವೆಬ್‌ಸೈಟಿನ ಮೂಲಕವೇ. ಆ ಒಂದು ಪುಟದಲ್ಲಿ ಎಲ್ಲರೂ ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಾರೆ.

ಸೆನ್ಯಾಳ ಮನೆಯಲ್ಲಿ ಅದಕ್ಕಿಂತ ನಾಚಿಕೆಗೇಡಿನ ಕೆಲಸ ಬೇರೆ ಇರಲಿಲ್ಲ. ತಾಮ್ರದ ಗಣಿಗೆಂದು ಫಿನ್ಲೆಂಡಿನಿಂದ ಬಂದವರ ಸಂತತಿ ಅದು. ನಾಲ್ಕು ತಲೆಮಾರು ಕಳೆದು, ಗಣಿ ಮುಚ್ಚಿ, ಭಾಷೆ ಮುಕ್ಕಾಲು ಮರೆತುಹೋದರೂ, ತನ್ನ ಬಗ್ಗೆ ತಾನು ಒಳ್ಳೆಯ ಮಾತಾಡಬಾರದು ಎಂಬುದು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಶಾಲೆಯಲ್ಲಿ ಜಿಲ್ಲೆಗೇ ಮೊದಲು ಬಂದಾಗ, ಅವಳನ್ನು ಸಾಕಿದ ಅಜ್ಜಿ ಆ ಪ್ರಮಾಣಪತ್ರವನ್ನು ಮೇಜುಬಟ್ಟೆಗಳ ಅಡಿಯಲ್ಲಿ ಇಟ್ಟು ಡ್ರಾಯರ್ ಮುಚ್ಚಿದ್ದಳು. ಅಜ್ಜಿಯನ್ನು ಊರಿನ ಫಿನ್ನಿಶ್ ಮನೆಗಳ ಮಕ್ಕಳಂತೆ ಸೆನ್ಯಾಳೂ ಮುಮ್ಮು ಎಂದೇ ಕರೆಯುತ್ತಿದ್ದಳು. ಆ ಮೊದಲ ಪತ್ರವನ್ನು ಮುಮ್ಮು ಎರಡು ಸಲ ಓದಿ, "ಮರ್ಯಾದೆಯಾಗಿದೆ, ಕಳಿಸು" ಎಂದಿದ್ದಳು.

"ಈ ತಿಂಗಳದ್ದು ಇನ್ನೂ ಬರೆದಿಲ್ಲ ತಾನೇ?" ಎಂದು ರೋಷೆಲ್ ಕೇಳಿದಳು. ಆಂಬುಲೆನ್ಸಿನಲ್ಲಿ ಸೆನ್ಯಾಳ ಜೊತೆಗಾತಿಯಾದ ಅವಳಿಗೆ ಐವತ್ತು ದಾಟಿತ್ತು. ಫ್ರೆಂಚ್ ಮೂಲದ ಮನೆತನ, ಮಾತಿಗೆ ಬಡತನವಿಲ್ಲ. "ಬರೆದಿದ್ರೆ ತೋರಿಸು. ನಾಚ್ಕೋಬೇಡ."

ಸೆನ್ಯಾ ಫೋನು ಕೊಟ್ಟಳು. ಅದರಲ್ಲಿ ನಾಲ್ಕು ಸಾಲು ಇತ್ತು. ಕೆಲಸ ಮುಂದುವರಿಸಿದ್ದೇನೆ. ಒಂದು ಪರೀಕ್ಷೆ ಪಾಸಾಗಿದೆ. ಊರಿನಲ್ಲಿ ಸ್ವಲ್ಪ ಸಹಾಯ ಮಾಡಿದ್ದೇನೆ. ವಂದನೆಗಳು.

"ಸ್ವಲ್ಪ ಸಹಾಯ," ಎಂದು ರೋಷೆಲ್ ಓದಿದಳು. ಆಮೇಲೆ ವರದಿಗಳಿರುವ ಟ್ಯಾಬ್ಲೆಟ್ಟನ್ನು ಎಳೆದುಕೊಂಡು, ಹಿಂದಿನ ವಾರದ ಒಂದನ್ನು ತೆಗೆದು ಗಟ್ಟಿಯಾಗಿ ಓದತೊಡಗಿದಳು. "'ಹನ್ನೊಂದು ನಲವತ್ತೆರಡಕ್ಕೆ ತಲುಪಿದೆ. ಉಸಿರಿರಲಿಲ್ಲ, ನಾಡಿ ಇರಲಿಲ್ಲ. ಎದೆ ಒತ್ತಲು ಶುರು ಮಾಡಿದೆ. ಎರಡನೇ ಶಾಕಿಗೆ ನಾಡಿ ಮರಳಿತು. ಆಸ್ಪತ್ರೆ ತಲುಪುವಾಗ ರೋಗಿ ತನ್ನ ಹೆಸರು ಹೇಳಿದರು.' ಯಾರು ಬರೆದಿದ್ದು?"

"ನಾನೇ."

"ಇಲ್ಲಿ ಯಾಕೆ 'ಸ್ವಲ್ಪ ಸಹಾಯ ಮಾಡಿದೆ' ಅಂತ ಬರೀಲಿಲ್ಲ?"

"ವರದೀಲಿ ಮಾಡಿದ್ದನ್ನ ಮುಚ್ಚಿಟ್ರೆ ಲೈಸೆನ್ಸ್ ಹೋಗುತ್ತೆ ರೋಷೆಲ್. ಅದು ನಿಂಗೂ ಗೊತ್ತು."

"ಗೊತ್ತು. ಅಲ್ಲಿ ಕಾಲೇಜಲ್ಲಿ ಕೂತಿರೋರಿಗೆ ಗೊತ್ತಿಲ್ಲ, ನೀನು ಇಲ್ಲಿ ಏನು ಮಾಡಿದೀಯ ಅಂತ. ಅವ್ರಿಗೂ ಒಂದು ವರದಿ ಬರಿ. ಯಾವಾಗ, ಏನು ಕಂಡೆ, ಏನು ಮಾಡ್ದೆ, ಆಮೇಲೆ ಏನಾಯ್ತು. ಬಣ್ಣ ಹಚ್ಚಬೇಡ. ಆದ್ರೆ ಒಂದನ್ನೂ ಬಿಡಬೇಡ. ಬಿಟ್ಟರೆ ಅದೂ ಸುಳ್ಳೇ."

ಅದು ಸೆನ್ಯಾಳಿಗೆ ನಾಟಿತು. ಹೊಗಳಿಕೆ ಅವಳಿಗೆ ಬಾರದ ವಿದ್ಯೆ, ವರದಿ ಏಳು ವರ್ಷದಿಂದ ದಿನಾ ಬರೆಯುವುದು.

ಮಾರನೆಯ ಬೆಳಿಗ್ಗೆ ಅಡುಗೆಮನೆಯ ಮೇಜಿನಲ್ಲಿ ಕೂತು ಬರೆದಳು. ಜನವರಿಯಲ್ಲಿ ಒಬ್ಬ ವೃದ್ಧರು ಶನಿವಾರ ಸಂಜೆ ಮನೆಯ ಹಿಂದಿನ ಸೌನಾದಲ್ಲಿ, ಆ ಉಗಿಸ್ನಾನದ ಕೋಣೆಯ ಬಿಸಿಯಲ್ಲಿ, ಕುಸಿದು ಬಿದ್ದಿದ್ದರು. ನಾವು ಅವರನ್ನು ಕಂಡದ್ದು ಸೋಮವಾರ, ಅಷ್ಟರಲ್ಲಿ ಜೀವ ಹೋಗಿತ್ತು. ಮುಂದಿನ ವಾರ ನಾನು ಊರಿನಲ್ಲಿ ಸೌನಾ ಕಾಯಿಸುವ ಒಂಟಿ ವೃದ್ಧರ ಪಟ್ಟಿ ಮಾಡಿದೆ. ಅಂದಿನಿಂದ ಪ್ರತಿ ಶನಿವಾರ ಅವರು ಒಳಗೆ ಹೋಗುವ ಮೊದಲು ಒಂದು ಸಲ, ಒಂದು ಗಂಟೆಯ ನಂತರ ಇನ್ನೊಂದು ಸಲ ಫೋನು ಮಾಡುತ್ತೇನೆ. ನನಗೆ ಡ್ಯೂಟಿ ಇದ್ದರೆ ಅಗ್ನಿಶಾಮಕ ಠಾಣೆಯವರು ಮಾಡುತ್ತಾರೆ. ಪಟ್ಟಿಯಲ್ಲಿ ಮೂವತ್ತೊಂದು ಜನರಿದ್ದಾರೆ. ಎರಡನೇ ಫೋನಿಗೆ ಉತ್ತರ ಬಾರದೆ ಹೋಗಿ ನೋಡಿದ್ದು ಒಂಬತ್ತು ಸಲ. ಏಳು ಸಲ ಅವರು ಫೋನು ಮರೆತಿದ್ದರು. ಎರಡು ಸಲ ನೆಲದ ಮೇಲಿದ್ದರು. ಇಬ್ಬರೂ ಬದುಕಿದ್ದಾರೆ.

ಫೆಬ್ರವರಿಯಲ್ಲಿ ರಸ್ತೆಯ ಹಿಮ ಸರಿಸುವ ಲಾರಿಯ ಹಿಂದೆ ಅರವತ್ತೆಂಟು ಮೈಲಿ ಹೋಗುವಾಗ ಆಂಬುಲೆನ್ಸಿನಲ್ಲೇ ಹೆರಿಗೆ ಮಾಡಿಸಿದ್ದನ್ನೂ ಬರೆದಳು. ನಮಗೆ ಹತ್ತಿರದ ಹೆರಿಗೆ ಆಸ್ಪತ್ರೆ ಇರುವುದೇ ಅಷ್ಟು ದೂರ ಎಂದೂ, ನಿಮ್ಮ ವಿದ್ಯಾರ್ಥಿಗಳನ್ನು ಎರಡು ವರ್ಷ ಇಂಥ ಊರುಗಳಿಗೆ ಕಳಿಸುತ್ತೀರಿ, ನನಗೆ ನಿಮ್ಮಲ್ಲಿಗೇ ಬರಬೇಕೆನಿಸಲು ಅದೇ ಕಾರಣ ಎಂದೂ ಸೇರಿಸಿದಳು. ಕೊನೆಯಲ್ಲಿ ಹೀಗಿತ್ತು: ಬೇರೆ ಯಾವ ಕಾಲೇಜಿನಲ್ಲೂ ನನಗೆ ಸೀಟಿಲ್ಲ. ಇದ್ದಿದ್ದರೂ ಬಿಟ್ಟು ಬರುತ್ತಿದ್ದೆ. ಬೇರೆಯವರಿಗೆ ಮೊದಲು ಕೊಡಿ ಎಂದು ಏಪ್ರಿಲ್‌ನಲ್ಲಿ ಬರೆದಿದ್ದೆ, ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಈ ಸೀಟು ನನಗೆ ಬೇಕು.

ಕಳಿಸುವ ಮೊದಲು ಮುಮ್ಮುವಿಗೆ ತೋರಿಸದೆ ಇರುವುದು ಆ ಮನೆಯಲ್ಲಿ ಆಗುವ ಮಾತಲ್ಲ. ಮುಮ್ಮು ಕನ್ನಡಕ ಹಾಕಿಕೊಂಡು, ಬೆರಳು ಸಾಲಿನಿಂದ ಸಾಲಿಗೆ ಇಳಿಸುತ್ತ ಓದಿದಳು. ಕಾಫಿ ತಣ್ಣಗಾಯಿತು.

"ಇದು ತಪ್ಪು," ಎಂದಳು.

ಸೆನ್ಯಾಳ ಕಿವಿ ಬಿಸಿಯಾಯಿತು. "ಮುಮ್ಮು, ಇದನ್ನೆಲ್ಲ ಹೇಳಿಕೊಳ್ಳೋದು ನಿಂಗೆ ಇಷ್ಟ ಆಗಲ್ಲ ಅಂತ ಗೊತ್ತು. ಆದ್ರೆ ಹೇಳದಿದ್ರೆ—"

"ಮೂವತ್ತೊಂದಲ್ಲ, ಮೂವತ್ನಾಲ್ಕು. ಹಿಲ್ಟುನೆನ್ ವಿಧವೆ ಮಾರ್ಚಲ್ಲಿ ಸೇರಿದ್ಲು. ಆಮೇಲೆ ಆ ಮಾತು ಬಿಟ್ಟ ಅಣ್ಣತಮ್ಮಂದಿರು. ಒಂದೇ ಅಂಗಳದಲ್ಲಿ ಎರಡು ಸೌನಾ ಕಾಯಿಸ್ತಾರಲ್ಲ, ಆ ಮಂಕುಗಳು. ಇಬ್ರಿಗೂ ಬೇರೆ ಬೇರೆ ಫೋನ್ ಮಾಡ್ತೀಯ."

"ನಿಂಗೆ ಹೇಗೆ ಗೊತ್ತು?"

"ಈ ಮನೇಲಿ ಸಿಗ್ನಲ್ ಸಿಗೋದು ಇದೊಂದು ಮೇಜಿನ ಹತ್ರ. ನಾನೇನು ಕಿವುಡೀನಾ? ಪ್ರತಿ ಶನಿವಾರ ಎಣಿಸ್ತೀನಿ." ಮುಮ್ಮು ಕಾಗದವನ್ನು ಇವಳ ಕಡೆ ತಳ್ಳಿದಳು. "ಸರಿ ಮಾಡಿ ಕಳಿಸು. ಕಮ್ಮಿ ಯಾಕೆ ಹೇಳ್ಬೇಕು?"

ಸೆನ್ಯಾ ಮೂವತ್ತೊಂದನ್ನು ಹೊಡೆದು ಮೂವತ್ತನಾಲ್ಕು ಮಾಡಿದಳು. ಮುಮ್ಮು ಮೊಮ್ಮಗಳ ಕೆಲಸವನ್ನು ಎಣಿಸುತ್ತಿದ್ದಳು, ವಾರವಾರವೂ, ಬಾಯಿ ಬಿಡದೆ. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಆ ಮನೆಯಲ್ಲಿ ಯಾರಿಗೂ ಸಿಕ್ಕಿರಲಿಲ್ಲ.

ಜೂನ್ ಹೋಯಿತು. ಜೂನ್‌ನಲ್ಲೂ ಒಂದು ಪತ್ರ ಹೋಯಿತು, ಅದೇ ಬಗೆಯದ್ದು. ಉತ್ತರವಿಲ್ಲ. ಜುಲೈ ಎರಡನೇ ವಾರದ ಒಂದು ಮಧ್ಯಾಹ್ನ, ಠಾಣೆಯ ಮುಂದೆ ಸೆನ್ಯಾ, ರೋಷೆಲ್ ಇಬ್ಬರೂ ಆಂಬುಲೆನ್ಸ್ ತೊಳೆಯುತ್ತಿದ್ದಾಗ ಫೋನು ಬಂತು. ಆ ಕಡೆಯ ಹೆಂಗಸು ತಾನು ಕಾಲೇಜಿನ ಪ್ರವೇಶ ವಿಭಾಗದವಳೆಂದು ಹೇಳಿ, "ನಿಮಗೆ ಇನ್ನೂ ಆಸಕ್ತಿ ಇದೆಯಾ?" ಎಂದು ಕೇಳಿದಳು.

"ಇದೆ. ಬೇಕು," ಎಂದಳು ಸೆನ್ಯಾ. ನೀರಿನ ಪೈಪು ಅವಳ ಬೂಟಿನೊಳಕ್ಕೇ ಸುರಿಯುತ್ತಿತ್ತು.

"ಒಂದು ಸೀಟು ತೆರವಾಗಿದೆ. ನಿಮ್ಮದು. ಅಂದಹಾಗೆ, ಏಪ್ರಿಲ್‌ನ ಪತ್ರ ನೋಡಿ ಸಮಿತಿಯವರಿಗೆ ಏನು ಮಾಡ್ಬೇಕೋ ಗೊತ್ತಾಗಿರಲಿಲ್ಲ. ನೀವು ನಮ್ಮನ್ನ ನಯವಾಗಿ ಬೇಡ ಅಂತಿದ್ದೀರಿ ಅಂದ್ಕೊಂಡಿದ್ವಿ."

"ನಾವು ಹಾಗೇ ಮಾತಾಡೋದು," ಎಂದಳು ಸೆನ್ಯಾ. "ಕಲೀತಿದ್ದೀನಿ."

ರೋಷೆಲ್ ಸೈರನ್ ಹಾಕಲಿಲ್ಲ, ಸುಮ್ಮನೆ ಹಾಕಲು ನಿಯಮ ಬಿಡುವುದಿಲ್ಲ. ಆದರೆ ಸೋಪಿನ ಬಕೆಟ್ಟನ್ನು ಒದ್ದು ರಸ್ತೆಯವರೆಗೂ ಉರುಳಿಸಿದಳು.

ಸಂಜೆ ಸುದ್ದಿ ಕೇಳಿ ಮುಮ್ಮು, "ಸರಿ ಹಾಗಾದ್ರೆ" ಎಂದಳು. ಎದ್ದು ಹೋಗಿ ಚರ್ಚಿಗೆ ಹಾಕುವ ಬೂಟು ಹಾಕಿಕೊಂಡು ಬಂದು, ಅಂಗಡಿಗೆ ಕರೆದುಕೊಂಡು ಹೋಗು ಎಂದಳು. ಏನು ಬೇಕೆಂದರೆ ಉಪ್ಪು ಎಂದಳು. ಉಪ್ಪು ಮನೆಯಲ್ಲಿ ಇತ್ತು.

ಅಂಗಡಿಯ ಕೌಂಟರಿನಲ್ಲಿ ನಾಲ್ಕು ಜನ ಸಾಲು ನಿಂತಿದ್ದರು, ನಾಲ್ವರೂ ಗುರುತಿನವರೇ. ಮುಮ್ಮು ಉಪ್ಪಿನ ಡಬ್ಬಿಯನ್ನು ಕೌಂಟರಿನ ಮೇಲಿಟ್ಟು, ಕ್ಯಾಷಿಯರ್ ಹೆಂಗಸಿನ ಮುಖವನ್ನೇ ನೋಡುತ್ತ, ಹಿಂದಿನವರಿಗೂ ಕೇಳುವ ಹಾಗೆ ಹೇಳಿದಳು:

"ನನ್ನ ಮೊಮ್ಮಗಳಿಗೆ ಡಾಕ್ಟರ್ ಓದೋಕೆ ಸೀಟು ಸಿಕ್ಕಿದೆ. ಬಹಳ ಬುದ್ಧಿವಂತೆ ಅವಳು."

ಹೇಳಿದ ಮರುಕ್ಷಣ ಅವಳ ಕತ್ತು ಕೆಂಪಾಯಿತು. ಎಲ್ಲರೂ ಸೆನ್ಯಾಳ ಕಡೆ ತಿರುಗಿದರು. ಅಯ್ಯೋ ಹಾಗೇನಿಲ್ಲ, ಅದೃಷ್ಟ ಅಷ್ಟೇ ಎಂಬ ಮಾತು ಸೆನ್ಯಾಳ ನಾಲಿಗೆಯ ತುದಿಯವರೆಗೂ ಬಂದಿತ್ತು. ಅದನ್ನು ನುಂಗಿಕೊಂಡು, ಮುಮ್ಮುವಿನ ಪಕ್ಕದಲ್ಲಿ ನೆಟ್ಟಗೆ ನಿಂತಳು.