ಪಟ್ಟಿ ಅಕ್ಕನ ಮೇಲೊಂದು ಕಣ್ಣು

ನಮ್ಮ ಕಾಲೇಜಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಮೂವರೇ ಮೂವರು ದಿಕ್ಕು. ಒಬ್ಬರು ಕೋಚ್, ಎಲ್ಲರ ಬಾಯಲ್ಲೂ ಸರ್. ಇನ್ನೊಬ್ಬಳು ನಾನು, ಸಹಾಯಕ ಕೋಚ್. ಅಂದರೆ ಸರ್ ಮರೆತದ್ದನ್ನೆಲ್ಲ ನೆನಪಿಡುವವಳು, ಸರ್ ಬೈಯಲು ಹಿಂಜರಿದವರನ್ನೆಲ್ಲ ಬೈಯುವವಳು. ಮೂರನೆಯವಳು ಪಟ್ಟಿ ಅಕ್ಕ. ಆಟಕ್ಕೆ ಮುಂಚೆ ಹುಡುಗಿಯರ ಪಾದದ ಗಂಟಿಗೆ ಬಿಳಿ ಪಟ್ಟಿ ಸುತ್ತುವುದು, ಉಳುಕಿದರೆ ಐಸ್ ಇಡುವುದು, ಯಾರು ಆಡಬಹುದು ಯಾರು ಕೂರಬೇಕು ಅಂತ ಹೇಳುವುದು ಅವಳ ಕೆಲಸ. ಬಂದು ವರ್ಷ ತುಂಬಿಲ್ಲ, ಆಗಲೇ ಹುಡುಗಿಯರಿಗೆಲ್ಲ ಅವಳು ಅಕ್ಕ. ನಾನು ಇಷ್ಟು ವರ್ಷದಿಂದ ಇದ್ದೂ ಮೇಡಂ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದು ನನ್ನ ಮುಖಕ್ಕೆ ಹಿಡಿಯುವುದು ಬೇಡ.

ಅನುಮಾನ ನನ್ನ ಹುಟ್ಟುಗುಣ. ಹೋಟೆಲಿನಲ್ಲಿ ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಯುವವಳು ನಾನು. ಗಂಡ ತಲೆನೋವು ಅಂದರೆ, ಯಾವ ಕೆಲಸದಿಂದ ತಪ್ಪಿಸಿಕೊಳ್ಳಲಿಕ್ಕೆ ಅಂತ ಮೊದಲು ಯೋಚಿಸುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ನನ್ನ ಊಹೆ ಸರಿಯಾಗಿರುತ್ತದೆ. ಅದೇ ನನ್ನನ್ನು ಕೆಡಿಸಿದ್ದು.

ಆಟದ ನಡುವೆ ಬೆಂಚಿನಿಂದ ಕೂಗಿ ಹೇಳುವುದಕ್ಕೆ ಎಲ್ಲ ತಂಡಗಳಿಗೂ ಗುಟ್ಟಿನ ಹೆಸರುಗಳಿರುತ್ತವೆ. ಬೇರೆಯವರು ನಂಬರನ್ನೋ ಬಣ್ಣವನ್ನೋ ಕೂಗುತ್ತಾರೆ. ನಮ್ಮ ಹುಡುಗಿಯರಿಗೆ ನಂಬರ್ ನೆನಪಿರುವುದಿಲ್ಲ. ಅದಕ್ಕೆ ಸರ್ ನೆಂಟರ ಹೆಸರಿಟ್ಟರು. "ಅತ್ತೆ!" ಅಂದರೆ ನಮ್ಮ ಎತ್ತರದ ಹುಡುಗಿ ಬುಟ್ಟಿಯ ಕೆಳಗೆ ಬಂದು ಬೆನ್ನು ಕೊಟ್ಟು ನಿಲ್ಲಬೇಕು, ಯಾರು ತಳ್ಳಿದರೂ ಜಗ್ಗಬಾರದು. "ಮಾವ!" ಅಂದರೆ ಎಲ್ಲರೂ ನಿದ್ದೆ ಬಂದವರ ಹಾಗೆ ನಿಂತಿದ್ದು, ಒಬ್ಬಳು ದಿಢೀರೆಂದು ನುಗ್ಗಬೇಕು. "ನಾದಿನಿ!" ಅಂದರೆ ಹೊರಟೇಹೋದೆ ಅನ್ನುವ ಹಾಗೆ ಗೆರೆಯ ತನಕ ಹೋಗಿ, ಗಿರ್ರನೆ ತಿರುಗಿ ಒಳಗೆ ಬಂದು ಚೆಂಡು ಹಾಕಬೇಕು. ಒಂದೇ ಸಲಕ್ಕೆ ಹುಡುಗಿಯರು ಕಲಿತುಬಿಟ್ಟರು. ಆ ವರ್ಷ ಎದುರಿಗೆ ಬಂದ ತಂಡಗಳೆಲ್ಲ ಕಣ್ಣು ಕಣ್ಣು ಬಿಟ್ಟವು.

ಸೇತುವೆಯಾಚೆಯ ಕಾಲೇಜಿನ ತನಕ ಎಲ್ಲ ಚೆನ್ನಾಗಿತ್ತು. ಆ ತಂಡಕ್ಕೆ ಹೊಸದಾಗಿ ಬಂದ ಕೋಚ್ ನಮ್ಮ ಸರ್‌ಗೆ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಮಾವನ ಮನೆಯಲ್ಲಿ ಎದುರಾದರೆ ಮಾತ್ರ "ಹೇಗಿದೀರಿ", ಉತ್ತರ ಕೇಳಿಸಿಕೊಳ್ಳುವಷ್ಟು ವ್ಯವಧಾನ ಇಬ್ಬರಿಗೂ ಇಲ್ಲ.

ಮೊದಲ ಪಂದ್ಯದಲ್ಲಿ ಸರ್ "ಅತ್ತೆ!" ಅಂದರು. ಆಚೆ ಬೆಂಚಿನಿಂದ ಷಡ್ಡಕ ಎದ್ದು ನಿಂತು ಕೂಗಿದ: "ಬಾಗಿಲಲ್ಲೇ ತಡೀರೇ! ಒಳಗೆ ಬಂದು ಕೂತ್ರೆ ಮುಗೀತು, ಏಳಲ್ಲ!" ಅವರ ಇಬ್ಬರು ಹುಡುಗಿಯರು ಓಡಿಬಂದು ನಮ್ಮ ಎತ್ತರದವಳನ್ನು ದಾರಿಯಲ್ಲೇ ಅಡ್ಡಗಟ್ಟಿದರು. ಸರ್ "ನಾದಿನಿ!" ಅಂದರು. "ಹೋಗಲ್ಲ ಅವಳು, ನಂಬಬೇಡಿ! ವಾಪಸ್ ಬರ್ತಾಳೆ!" ಅಂತ ಅತ್ತಲಿಂದ ಬಂತು. ನನ್ನ ಕಿವಿ ನೆಟ್ಟಗಾಯಿತು. ಪಂದ್ಯ ಸೋತೆವು.

ನಮ್ಮ ಕೋಣೆ ಅಂದರೆ ಗಾಳಿ ಹೋದ ಚೆಂಡುಗಳ ರಾಶಿ, ನೋವಿನ ಮುಲಾಮಿನ ವಾಸನೆ, ಒಂದಕ್ಕೆ ಕೈ ಮುರಿದ ಮೂರು ಕುರ್ಚಿ. ಸರ್ ಬಾಗಿಲು ಹಾಕಿದರು.

"ನಮ್ಮಲ್ಲೇ ಯಾರೋ ಬಾಯಿ ಬಿಟ್ಟಿದಾರೆ ಕಣಮ್ಮ."

"ಮೊದಲು ನಿಮ್ಮ ಮನೇಲಿ ಕೇಳಿ ಸರ್," ಅಂದೆ. "ಅಕ್ಕ ತಂಗಿ ಫೋನಲ್ಲಿ ಏನೇನು ಮಾತಾಡ್ತಾರೋ."

ಮರುದಿನ ಸರ್ ಇಸ್ತ್ರಿಯಿಲ್ಲದ ಅಂಗಿಯಲ್ಲಿ ಬಂದರು. "ಕೇಳ್ದೆ. ನಿಮ್ಮ ಚೆಂಡಿನ ಸುದ್ದಿ ಮಾತಾಡೋಕೆ ನಮ್ಮಿಬ್ಬರಿಗೆ ಬೇರೆ ಕೆಲಸ ಇಲ್ವಾ ಅಂದ್ಲು. ಅವಳಿಗೆ ಬ್ಯಾಸ್ಕೆಟ್‌ಬಾಲ್ ಯಾವುದು ವಾಲಿಬಾಲ್ ಯಾವುದು ಅಂತಾನೇ ಗೊತ್ತಿಲ್ಲ. ಸುಮ್ನೆ ಕೇಳಿ ಕೆಟ್ಟೆ." ಮನೆಯಾಕೆ ಮುಖ ಊದಿಸಿಕೊಂಡದ್ದು ಆ ಅಂಗಿಯಲ್ಲೇ ಕಾಣುತ್ತಿತ್ತು. ಸರ್ ಸುಳ್ಳು ಹೇಳುತ್ತಿಲ್ಲ ಅಂತ ನನಗೂ ಅನ್ನಿಸಿತು.

ಹಾಗಾದರೆ ಉಳಿದದ್ದು ಯಾರು?

ಮುಂದಿನ ವಾರ ಎರಡೂ ಕಾಲೇಜುಗಳಿಗೆ ಒಂದೇ ಮೈದಾನದಲ್ಲಿ ಬೇರೆ ಬೇರೆ ಪಂದ್ಯವಿತ್ತು. ಬೈಕುಗಳು ನಿಲ್ಲುವ ಕಡೆ ಪಟ್ಟಿ ಅಕ್ಕ ಆ ಷಡ್ಡಕನ ಜೊತೆ ನಿಂತಿದ್ದಳು. ಅವನು ಕೈ ಆಡಿಸಿ ಏನೋ ಒತ್ತಾಯ ಮಾಡುತ್ತಿದ್ದ, ಇವಳು ತಲೆಯಾಡಿಸುತ್ತಿದ್ದಳು. ನನ್ನನ್ನು ಕಂಡದ್ದೇ ಬ್ಯಾಗಿನ ಜಿಪ್ಪು ಎಳೆಯತೊಡಗಿದಳು.

"ಏನಂತೆ?" ಅಂದೆ.

"ಏನಿಲ್ಲ ಮೇಡಂ, ಸುಮ್ನೆ."

ಸುಮ್ನೆ! ಸುಮ್ಮನೆ ಯಾರೂ ಸುಮ್ಮನೆ ಅನ್ನುವುದಿಲ್ಲ. ಆವತ್ತಿನಿಂದ ನನ್ನ ಒಂದು ಕಣ್ಣು ಆಟದ ಮೇಲೆ, ಇನ್ನೊಂದು ಅವಳ ಮೇಲೆ. ಅವಳು ಫೋನ್ ನೋಡಿದರೆ ಸುದ್ದಿ ಕಳಿಸಿದಳು ಅನ್ನಿಸುತ್ತಿತ್ತು, ನೋಡದಿದ್ದರೆ ಎಷ್ಟು ಹುಷಾರು ನೋಡು ಅನ್ನಿಸುತ್ತಿತ್ತು. ಹುಡುಗಿಯರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು "ಇಲ್ಲಿ ನೋಯುತ್ತಾ?" ಅಂತ ಮೆಲ್ಲಗೆ ಕೇಳಿದರೂ ನನಗೆ ಅದು ಪಿತೂರಿ. ಸರ್ ಕಿವಿಯಲ್ಲಿ ಇದನ್ನೆಲ್ಲ ಬಿಸಿಬಿಸಿಯಾಗಿ ಹಾಕುತ್ತಾ ಹೋದೆ. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇರಲಿ ಅಂತಲೋ ಬೇಡ ಅಂತಲೋ ಸರ್ ಪ್ರಿನ್ಸಿಪಾಲರಿಗೆ ಒಂದು ಮಾತು ಹೇಳುವುದು ಬಾಕಿ ಇತ್ತು. ಆಸ್ಪತ್ರೆಯ ಕೆಲಸ ಬಿಟ್ಟು ನಮ್ಮನ್ನು ನಂಬಿ ಬಂದವಳು ಅವಳು. ಅದು ನನಗೆ ಗೊತ್ತಿತ್ತು.

ಬಲೆ ಹಾಕೋಣ ಅಂದವಳೂ ನಾನೇ. ಷಡ್ಡಕನ ತಂಡದೊಡನೆ ಎರಡನೇ ಪಂದ್ಯದ ದಿನ ಬೆಳಿಗ್ಗೆ ಒಳಾಂಗಣದ ಬಾಗಿಲು ಹಾಕಿಸಿ, ಹುಡುಗಿಯರ ಫೋನುಗಳನ್ನೆಲ್ಲ ನನ್ನ ಬ್ಯಾಗಿಗೆ ತುಂಬಿಕೊಂಡೆ. ಪಟ್ಟಿ ಅಕ್ಕನ ಫೋನನ್ನು ಮಾತ್ರ ಬೇಕೆಂದೇ ಬಿಟ್ಟೆ. ಸರ್ ಹೊಸ ಆಟ ಕಲಿಸಿದರು.

"ಇದರ ಹೆಸರು ಷಡ್ಡಕ," ಅಂದರು. ಹುಡುಗಿಯರು ಕಿಸಕ್ಕೆಂದರು. "ಈಗಲೇ ಕೊಟ್ಟೆ ಅನ್ನೋ ಹಾಗೆ ಚೆಂಡು ಮುಂದೆ ಚಾಚ್ಬೇಕು. ಆದ್ರೆ ಕೊಡಬಾರದು. ತಾನೇ ಹಾಕ್ಬೇಕು."

ಅಲ್ಲಿಂದ ಸಂಜೆಯವರೆಗೆ ಹುಡುಗಿಯರನ್ನು ನಾನು ಕಣ್ಣಿಂದ ಆಚೆ ಬಿಡಲಿಲ್ಲ. ಇನ್ನು ಗುಟ್ಟು ಹೊರಗೆ ಹೋದರೆ ಹೋಗುವ ದಾರಿ ಒಂದೇ.

ಪಂದ್ಯದ ಕೊನೆಯ ಭಾಗ. ಎರಡೂ ಕಡೆ ಸಮ. ಸರ್ ಗಂಟಲು ಹರಿಯುವ ಹಾಗೆ "ಷಡ್ಡಕ!" ಅಂದರು. ಆಚೆ ಬೆಂಚಿನವನು ಒಂದು ಕ್ಷಣ ನಮ್ಮ ಕಡೆ ತಿರುಗಿ ದುರುಗುಟ್ಟಿ ನೋಡಿದ. ಆಮೇಲೆ ಕೂಗಿದ: "ಕೊಡಲ್ಲ ಅವಳು! ಕೈ ನೋಡ್ಬೇಡಿ, ಕೊಡಲ್ಲ! ತಾನೇ ಹಾಕ್ತಾಳೆ!" ನಮ್ಮವಳು ಎಗರುವ ಮೊದಲೇ ಇಬ್ಬರು ಅವಳ ಮುಂದೆ ಕೈ ಎತ್ತಿ ನಿಂತಿದ್ದರು. ಚೆಂಡು ಹೋಯಿತು.

"ಇನ್ನೇನು ಬೇಕು ಸರ್?" ಅಂದೆ.

ಸರ್ ಮುಖ ಕೆಂಪಾಗಿತ್ತು. ಪಟ್ಟಿ ಅಕ್ಕನ ಕಡೆ ತಿರುಗಿದರು. "ಬೆಂಚಿಂದ ಏಳಮ್ಮ. ನಾಳೆಯಿಂದ ನೀನು ಬರೋದು ಬೇಡ."

ಒಬ್ಬ ಹುಡುಗಿಯ ಮಂಡಿಗೆ ಐಸ್ ಒತ್ತಿ ಕೂತಿದ್ದವಳು ತಲೆಯೆತ್ತಿದಳು. "ಏನಾಯ್ತು ಸರ್?"

ಸರ್ ಬಾಯಿ ತೆರೆಯುವ ಮುನ್ನ ನಾನೇ ಹೇಳಿದೆ: "ಏನಾಯ್ತು ಅಂತ ನಿನಗೇ ಗೊತ್ತು."

ಅವಳು ಹುಡುಗಿಯರನ್ನೆಲ್ಲ ಒಮ್ಮೆ ನೋಡಿದಳು. ಐಸಿನ ಚೀಲವನ್ನು ಆ ಹುಡುಗಿಯ ಕೈಗೇ ಕೊಟ್ಟು, "ಮಂಡಿ ಮೇಲೇ ಇರ್ಲಿ, ತೆಗೀಬೇಡ," ಅಂತ ಹೇಳಿ ಎದ್ದು ಹೋದಳು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು.

ಸೋತದ್ದಾಯಿತು. ಸರ್ ಕೈ ಕುಲುಕದೆ ದುಡುದುಡು ಹೊರಟುಹೋದರು. ಹಾಗಾಗಿ ಷಡ್ಡಕ ನನ್ನ ಬಳಿಗೆ ಬಂದ.

"ನಿಮ್ಮ ಸರ್‌ಗೆ ಹೇಳಿ, ನಾನು ಅಷ್ಟೊಂದು ಜಿಪುಣ ಅಲ್ಲ ಅಂತ."

"ನಮ್ಮ ಗುಟ್ಟನ್ನೆಲ್ಲ ನಿಮಗೆ ಹೇಳಿದ್ದು ಯಾರು ಅಂತ ನನಗೆ ಗೊತ್ತು," ಅಂದೆ.

ಅವನು ಜೋರಾಗಿ ನಕ್ಕ. "ಯಾರಮ್ಮ ಹೇಳ್ಬೇಕು? ನಾನೂ ಅದೇ ಮನೆ ಅಳಿಯ ಅಲ್ವಾ? ಅತ್ತೆ ಅಂತ ಕೂಗಿದ್ರೆ ಅತ್ತೆ ಏನ್ಮಾಡ್ತಾರೆ ಅಂತ ನನಗೆ ತಿಳಿಯಲ್ವಾ? ಬಂದು ಕೂತ್ರೆ ಏಳಲ್ಲ. ಮಾವ ಗೊರಕೆ ಹೊಡೀತಿರೋ ಹಾಗೇ ಇದ್ದು ದಿಢೀರ್ ಅಂತ ಎದ್ದು ಮೈಮೇಲೆ ಬರ್ತಾರೆ. ನಿಮ್ಮ ಸರ್ ನಾದಿನಿ ಅಂದ್ರೆ ನನ್ನ ಹೆಂಡ್ತಿ. ಮನೆ ಬಿಟ್ಟು ಹೊರಟೆ ಅಂತ ಬಾಗಿಲ ತನಕ ಹೋಗಿ, ತಿರುಗಿ ಬಂದು ನನಗೆ ಬಿಸಿ ಮುಟ್ಟಿಸದ ದಿನ ಇಲ್ಲ. ಇವತ್ತು ಷಡ್ಡಕ ಅಂದಾಗ ಮಾತ್ರ ಸ್ವಲ್ಪ ತಡೀತು. ನನ್ನ ಬಗ್ಗೆ ಆತ ಏನು ಅಂದ್ಕೊಂಡಿರ್ತಾನೆ ಅಂತ ಯೋಚನೆ ಮಾಡಿದೆ." ಅಷ್ಟು ಹೇಳುವಾಗ ಅವನ ನಗು ಇಳಿದಿತ್ತು.

"ಹಾಗಾದ್ರೆ ಆವತ್ತು ಬೈಕಿನ ಹತ್ರ, ನಮ್ಮ ಹುಡುಗಿ ಜೊತೆ?"

"ಅದಾ? ನಮ್ಮ ಕಾಲೇಜಿಗೆ ಬಾ, ಕಾಯಂ ಕೆಲಸ ಕೊಡಿಸ್ತೀನಿ ಅಂತ ಕರೆದಿದ್ದೆ. ನಮ್ಮ ಹುಡುಗೀರನ್ನ ಬಿಟ್ಟು ಬರಲ್ಲ ಅಂದ್ಲು."

ಒಂದೊಂದು ಕೂಗೂ ನೆನಪಾಯಿತು. ಬಾಗಿಲಲ್ಲೇ ತಡೀರಿ ಅಂದಿದ್ದ, ವಾಪಸ್ ಬರ್ತಾಳೆ ಅಂದಿದ್ದ. ಹೆಂಡತಿ ಮನೆಯವರನ್ನು ಬಲ್ಲ ಗಂಡಸಿನ ಮಾತು ಅದು. ಎದುರಿಗೇ ಕೇಳುತ್ತಿದ್ದರೂ ನನ್ನ ಕಿವಿ ಬೇರೆ ಏನನ್ನೋ ಹುಡುಕುತ್ತಿತ್ತು.

ಬಟ್ಟೆ ಬದಲಿಸುವ ಕೋಣೆಗೆ ಓಡಿದೆ. ಪಟ್ಟಿ ಅಕ್ಕ ತನ್ನ ಕತ್ತರಿಯನ್ನು ಒರೆಸಿ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದಳು. ಕಾಲೇಜಿನ ಪಟ್ಟಿಯ ಸುರುಳಿಗಳನ್ನು ಬೆಂಚಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದಳು. ನಾನು ಉಸಿರು ಬಿಡದೆ ಎಲ್ಲ ಹೇಳಿದೆ. ಅತ್ತೆ, ಮಾವ, ಅಳಿಯಂದಿರು, ನನ್ನ ಅನುಮಾನ, ನನ್ನ ಬಲೆ, ಎಲ್ಲ.

"ತಪ್ಪು ನನ್ನದೇ ಕಣೇ. ಸರ್ ಹತ್ರ ನಾನೇ ಮಾತಾಡ್ತೀನಿ. ಹುಡುಗೀರ ಎದುರಿಗೇ ಹೇಳ್ತೀನಿ. ನಾಳೆ ಬಾ."

"ಇಲ್ಲ ಮೇಡಂ," ಅಂದಳು. "ಬೆಂಚಿಂದ ಎದ್ದು ಬಂದ ಮೇಲೆ ಆ ಕಾಲೇಜಿನ ಕೋಚ್‌ಗೆ ಮೆಸೇಜ್ ಹಾಕ್ದೆ. ಬರ್ತೀನಿ ಅಂತ."

ಆಗ ನನಗೆ ಬರಬೇಕಾಗಿದ್ದದ್ದು ನಾಚಿಕೆ. ಬಂದದ್ದು ಬೇರೆ. ನಮ್ಮ ಎತ್ತರದವಳ ಎಡಗಾಲು ಪೂರ್ತಿ ಮಡಚುವುದಿಲ್ಲ, ನಾಯಕಿಯ ಭುಜ ಒಮ್ಮೆ ಜಾರಿದ್ದು ಇನ್ನೂ ಸರಿಹೋಗಿಲ್ಲ. ಎಲ್ಲ ಇವಳಿಗೆ ಗೊತ್ತು, ಇವಳು ಹೋಗುತ್ತಿರುವುದು ಅಲ್ಲಿಗೆ. ನಾನು ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಹುಡುಗಿಯರು ಬಾಯಿ ಬಿಡದ ನೋವನ್ನು ಮುಖ ನೋಡಿಯೇ ಹೇಳುತ್ತಿದ್ದವಳು ಅವಳು.

"ಹೆದರಬೇಡಿ ಮೇಡಂ," ಅಂದಳು. "ಯಾರ ಮಂಡಿ ಹೇಗಿದೆ ಅಂತ ನಾನು ಅಲ್ಲಿ ಹೇಳಲ್ಲ."

"ಛೆ, ಅದು ನನಗೆ ಗೊತ್ತಿಲ್ವೇನೇ?" ಅಂದೆ, ಬೇಗಬೇಗ.

ಅವಳು ಬ್ಯಾಗು ಹೆಗಲಿಗೇರಿಸಿ ಒಂದು ಕ್ಷಣ ನನ್ನನ್ನೇ ನೋಡಿದಳು. ನನ್ನ ಮಾತನ್ನು ಅವಳು ನಂಬಲಿಲ್ಲ. ನಂಬದಿದ್ದದ್ದೇ ಸರಿ.