ಕೆಳಗೆ ನಿಂತವಳು

ತರಗತಿಯವರೆಲ್ಲ ಅವಳನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ವರ್ಷಗಟ್ಟಲೆ ಲಾಂಡ್ರಿಯಲ್ಲಿ ಕಂಡವರ ಅಂಗಿಗಳ ಸುಕ್ಕು ಬಿಡಿಸಿ, ನಲವತ್ತು ಹತ್ತಿರವಾದಾಗ ಸಮಾಜಕಾರ್ಯ ಪದವಿಗೆ ಸೇರಿದವಳು. ಮೊದಲ ದಿನ ಅವಳು ಒಳಗೆ ಬಂದಾಗ ಟೀಚರೇ ಬಂದರೆಂದು ಹುಡುಗ ಹುಡುಗಿಯರೆಲ್ಲ ಎದ್ದು ನಿಂತಿದ್ದರು. ಯಾರು ಬಂದರಪ್ಪ ಎಂದು ಅವಳೂ ಹಿಂತಿರುಗಿ ನೋಡಿದ್ದಳು.

ಈ ವಯಸ್ಸಿನಲ್ಲಿ ಓದು ಯಾಕೆ ಎಂದು ಕೇಳಿದವರಿಗೆ ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಕಾರಣ ಗೊತ್ತಿದ್ದದ್ದು ಗಂಡನಿಗೆ ಮಾತ್ರ. ಅವಳು ಚಿಕ್ಕವಳಿದ್ದಾಗ ತಾಯಿ ತೀರಿಕೊಂಡಳು. ಅವಳನ್ನೊಂದು ಕಡೆ, ತಂಗಿಯನ್ನೊಂದು ಕಡೆ ಹಂಚಿಕೊಳ್ಳುವ ಮಾತು ನೆಂಟರಲ್ಲಿ ನಡೆದಿತ್ತು. ಆಗ ಯಾವುದೋ ಕಚೇರಿಯಿಂದ ಬಂದ ಹೆಂಗಸೊಬ್ಬಳು ದಿನವಿಡೀ ಕೂತು ಸೋದರತ್ತೆಯ ಮನಸ್ಸು ತಿರುಗಿಸಿ, ಇಬ್ಬರನ್ನೂ ಒಂದೇ ಸೂರಿನಡಿ ಉಳಿಸಿ ಹೋಗಿದ್ದಳು. ಆ ಹೆಂಗಸಿನ ಮುಖ ಮರೆತುಹೋಗಿತ್ತು. ದನಿ ಮರೆತಿರಲಿಲ್ಲ.

ಹಾಗೆ ಉಳಿಸಿಕೊಂಡ ತಂಗಿಯ ಜೊತೆ ಈಗ ಮಾತಿರಲಿಲ್ಲ. ತಂಗಿಯ ಗಂಡ ಮೊದಲಿನಿಂದಲೂ ಅಕ್ಕನ ಕಣ್ಣಿಗೆ ಸರಿಬಿದ್ದವನಲ್ಲ. ಅವನು ಹೆಂಡತಿ ಮಗಳನ್ನು ಬಿಟ್ಟು ಹೋದ ದಿನ ತಂಗಿ ಅಳುತ್ತಾ ಬಂದರೆ, ನಾನು ಆವತ್ತೇ ಹೇಳಿರಲಿಲ್ವಾ ಅಂದುಬಿಟ್ಟಳು ಅಕ್ಕ. ಗಾಯಕ್ಕೆ ಉಪ್ಪು ಸುರಿದ ಹಾಗಾಯಿತು. ತಂಗಿ ಕಣ್ಣೊರೆಸಿಕೊಂಡು ಎದ್ದು ಹೋದವಳು ಮನೆ ಬದಲಾಯಿಸಿದಳು, ಮತ್ತೆ ಇತ್ತ ತಲೆ ಹಾಕಲಿಲ್ಲ.

ಕೊನೆಯ ವರ್ಷದ ಫೀಲ್ಡ್ ವರ್ಕಿಗೆ ಇಸ್ತ್ರಿ ಅಕ್ಕನನ್ನು ಮಕ್ಕಳ ರಕ್ಷಣೆಯ ಕಚೇರಿಗೆ ಹಾಕಿದರು. ಅಲ್ಲಿನ ಮೇಲ್ವಿಚಾರಕಿ ಅವಳಿಗಿಂತ ಚಿಕ್ಕವಳು. ಮಾತು ಕಡಿಮೆ, ಕೆಲಸದಲ್ಲಿ ಕಟ್ಟುನಿಟ್ಟು. ಒಂದು ಬೆಳಿಗ್ಗೆ ಮೀಟಿಂಗಿನಲ್ಲಿ ಆಕೆ ಹೊಸ ದೂರೊಂದನ್ನು ವಿವರಿಸಿದಳು. ಆರು ವರ್ಷದ ಹುಡುಗಿ. ತಾಯಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕ್ಲೀನಿಂಗ್ ಕೆಲಸದವಳು, ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾಳೆ. ಹುಡುಗಿ ಒಬ್ಬಳೇ ಹಾಲು ಬಿಸಿ ಮಾಡಲು ಹೋಗಿ ಕೈ ಸುಟ್ಟುಕೊಂಡಿದ್ದಾಳೆ. ಶಾಲೆಯ ಟೀಚರ್ ನೋಡಿ ದೂರು ಕೊಟ್ಟಿದ್ದಾರೆ. ಆಮೇಲೆ ಹುಡುಗಿಯ ಹೆಸರು ಹೇಳಿದಳು.

ಆ ಹೆಸರಿಟ್ಟವಳೇ ಇಸ್ತ್ರಿ ಅಕ್ಕ.

ಇದು ನನ್ನ ತಂಗಿಯ ಮಗಳು ಎಂದು ಆಗಲೇ ಹೇಳಬೇಕಿತ್ತು. ಸುತ್ತ ಕೂತಿದ್ದ ಚಿಕ್ಕ ಚಿಕ್ಕ ಹುಡುಗಿಯರ ಮುಂದೆ ನಾಲಿಗೆ ಏಳಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಹೇಳಿದರೆ ತನ್ನನ್ನು ಬಿಟ್ಟು ಹೋಗುತ್ತಾರೆ, ಜೊತೆಗಿದ್ದರೆ ಏನಾದರೂ ಸರಿಮಾಡಬಹುದು ಎಂಬ ಆಸೆ. ಮನೆಭೇಟಿಗೆ ಯಾರು ಬರ್ತೀರಿ ಎಂದು ಮೇಲ್ವಿಚಾರಕಿ ಕೇಳಿದಾಗ ಕೈ ಎತ್ತಿದಳು.

ಅದೊಂದು ಹಳೆಯ ಕಟ್ಟಡ. ಮೆಟ್ಟಿಲ ಗೋಡೆಯ ಬಣ್ಣ ಕೈ ತಾಗಿದ ಎತ್ತರದವರೆಗೂ ಮಾಸಿತ್ತು. ಎರಡನೇ ಮಹಡಿ ತಲುಪುವಷ್ಟರಲ್ಲಿ ಅವಳು ಕಂಬಿ ಹಿಡಿದು ನಿಂತು ಎಲ್ಲವನ್ನೂ ಹೇಳಿಬಿಟ್ಟಳು.

ಮೇಲ್ವಿಚಾರಕಿ ತಿರುಗಿ ಒಂದು ಮೆಟ್ಟಿಲು ಇಳಿದಳು. "ಕಚೇರಿಯಲ್ಲೇ ಹೇಳಿದ್ರೆ ನಿಮ್ಮನ್ನ ಇಲ್ಲಿಗೆ ಕರ್ಕೊಂಡೇ ಬರ್ತಿರಲಿಲ್ಲ. ಕೆಳಗೆ ಹೋಗಿ ಗಾಡಿ ಹತ್ರ ನಿಂತಿರಿ."

ಅವಳು ಇಳಿದು ಗಾಡಿಯ ಪಕ್ಕ ನಿಂತಳು. ಕೊರಳಲ್ಲಿದ್ದ ಕಚೇರಿಯ ಗುರುತಿನ ಚೀಟಿಯನ್ನು ತೆಗೆಯಬೇಕೆಂಬುದೂ ಹೊಳೆಯಲಿಲ್ಲ. ಬಹಳ ಹೊತ್ತಾದ ಮೇಲೆ ಮೇಲ್ವಿಚಾರಕಿ ಹುಡುಗಿಯ ಕೈ ಹಿಡಿದು ಇಳಿದು ಬಂದಳು. ಇನ್ನೊಂದು ಕೈಗೆ ಬ್ಯಾಂಡೇಜ್, ಬೆನ್ನಿಗೆ ಶಾಲೆಯ ಚೀಲ. ಹುಡುಗಿ ಇವಳನ್ನು ಕಂಡದ್ದೇ "ದೊಡ್ಡಮ್ಮ" ಎಂದು ಓಡಿಬಂದು ಸೊಂಟ ತಬ್ಬಿಕೊಂಡಳು. ಹಿಂದೆಯೇ ಬರಿಗಾಲಲ್ಲಿ ಇಳಿದು ಬಂದ ತಂಗಿ ಕೊನೆಯ ಮೆಟ್ಟಿಲಲ್ಲಿ ಗಕ್ಕನೆ ನಿಂತಳು. ಅವಳ ಕಣ್ಣು ಅಕ್ಕನ ಮುಖದಿಂದ ಕೊರಳಿನ ಚೀಟಿಗೆ ಇಳಿಯಿತು.

"ಓ, ನೀನಾ," ಎಂದಳು. ಅಷ್ಟೇ. ತಿರುಗಿ ಮೆಟ್ಟಿಲು ಹತ್ತಿದಳು.

ಮರುದಿನ ಮೇಲ್ವಿಚಾರಕಿ ಅವಳನ್ನು ಕೂರಿಸಿಕೊಂಡು, ಹತ್ತಿರದ ನೆಂಟರು ಒಪ್ಪಿದರೆ ಮಗುವನ್ನು ಅವರಿಗೇ ಒಪ್ಪಿಸಬಹುದು, ಯೋಚನೆ ಮಾಡಿ ಎಂದಳು. ಗಾಯ ವಾಸಿಯಾಗುವವರೆಗೆ ಯಾರಾದರೂ ಹಗಲಿಡೀ ಮನೆಯಲ್ಲಿರಬೇಕಿತ್ತು. ಅಂದರೆ ಫೀಲ್ಡ್ ವರ್ಕ್ ತಪ್ಪಿ ಓದು ಅಲ್ಲಿಗೇ ನಿಂತಂತೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಕೈಗಂಟಿದ ಗ್ರೀಸು ಒರೆಸಿಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡ. ಮಕ್ಕಳಿಲ್ಲದ ಮನೆ ಅದು. ಕಿಟಕಿ ಪಕ್ಕದ ಮಂಚ ಮಗುವಿಗಿರಲಿ ಎಂದ. ಇಬ್ಬರೂ ಸೇರಿ ಮಂಚದ ಮೇಲಿದ್ದ ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದರು. ಅವಳಿಗೆ ಅಳು ಬರಲಿಲ್ಲ. ಎದೆ ಹಗುರವಾದಂತೆಯೂ ಅನ್ನಿಸಿತು.

ಆದರೆ ತಾಯಿಯ ಒಪ್ಪಿಗೆ ಬೇಕಿತ್ತು. ತಂಗಿ ಒಪ್ಪಲಿಲ್ಲ. ಯಾರ ಮನೆಗೆ ಬೇಕಾದರೂ ಕಳಿಸಿ, ಹಿಡಿದುಕೊಟ್ಟವಳ ಮನೆಗೆ ಬೇಡ ಎಂದಳಂತೆ. ದೂರು ಕೊಟ್ಟಿದ್ದು ಅಕ್ಕ ಅಲ್ಲ ಎಂದು ಮೇಲ್ವಿಚಾರಕಿ ಸಾರಿ ಸಾರಿ ಹೇಳಿದಳು. ಯಾರು ಕೊಟ್ಟರೆಂದು ಬಾಯಿಬಿಡುವಂತಿರಲಿಲ್ಲ.

"ನೀವು ಆವತ್ತು ಅಲ್ಲಿ ನಿಂತಿರದಿದ್ರೆ ಒಪ್ಪುತ್ತಿದ್ರೋ ಏನೋ," ಎಂದಳು ಮೇಲ್ವಿಚಾರಕಿ. ಚುಚ್ಚಲು ಆಡಿದ ಮಾತಲ್ಲ ಅದು. ಅದಕ್ಕೇ ಹೆಚ್ಚು ನಾಟಿತು.

ಮಗು ಸದ್ಯಕ್ಕೆ ಕಚೇರಿಯವರೇ ಗೊತ್ತುಮಾಡಿದ ಬೇರೆ ಊರಿನ ದಂಪತಿಯ ಮನೆ ಸೇರಿತು. ಒಳ್ಳೆಯ ಜನವಂತೆ. ತಿಂಗಳಿಗೊಮ್ಮೆ ಕಚೇರಿಯ ಕೋಣೆಯಲ್ಲಿ ತಾಯಿ ಮಗಳ ಭೇಟಿಗೆ ಏರ್ಪಾಟಾಯಿತು. ಇಸ್ತ್ರಿ ಅಕ್ಕನನ್ನು ವೃದ್ಧರ ವಿಭಾಗಕ್ಕೆ ವರ್ಗಾಯಿಸಿದರು. ಗಂಡ ಅಟ್ಟದಿಂದ ಪುಸ್ತಕ ಇಳಿಸಿಕೊಟ್ಟ. ಓದುವುದು ಬಿಟ್ಟರೆ ಮಾಡಲು ಬೇರೇನೂ ಇರಲಿಲ್ಲ, ಓದಿದಳು. ಮಂಚ ಖಾಲಿಯೇ ಉಳಿಯಿತು.

ಆಗಾಗ ತಂಗಿಯ ಮನೆಗೆ ಹೋದಳು. ಎರಡು ಸಲ ಬಾಗಿಲು ತೆರೆಯಲಿಲ್ಲ. ಮೂರನೇ ಸಲ ತೆರೆದ ತಂಗಿ, "ಆಫೀಸಿನವಳಾಗಿ ಬಂದಿದ್ರೂ ಹೋಗು, ಅಕ್ಕನಾಗಿ ಬಂದಿದ್ರೂ ಹೋಗು," ಎಂದು ಮೆತ್ತಗೆ ಬಾಗಿಲು ಮುಂದೆ ಮಾಡಿಕೊಂಡಳು.

ಪರೀಕ್ಷೆ ಮುಗಿಯಿತು. ಪಾಸಾದಳು. ಚಳಿಗಾಲದ ಒಂದು ಮಧ್ಯಾಹ್ನ ಫೀಲ್ಡ್ ವರ್ಕಿನ ಪ್ರಮಾಣಪತ್ರಕ್ಕೆಂದು ಮಕ್ಕಳ ರಕ್ಷಣೆಯ ಕಚೇರಿಗೆ ಹೋಗಿ ಹೊರಬಂದರೆ, ಎದುರಿನ ಬಸ್ ಸ್ಟಾಪಿನಲ್ಲಿ ತಂಗಿ ಕೂತಿದ್ದಳು. ಆವತ್ತು ಭೇಟಿಯ ದಿನ. ತಂಗಿ ಸೊರಗಿಹೋಗಿದ್ದಳು. ಬೇಡ ಅನ್ನಿಸಿಕೊಳ್ಳಲು ಸಿದ್ಧಳಾಗಿಯೇ ಅಕ್ಕ ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ತಂಗಿ ಏಳಲಿಲ್ಲ. ರಸ್ತೆಯನ್ನೇ ನೋಡುತ್ತಾ ತನ್ನಷ್ಟಕ್ಕೆ ಎಂಬಂತೆ ಮಾತಾಡಿದಳು. ಹಗಲು ಪಾಳಿ ಸಿಕ್ಕಿದೆ. ಆದರೂ ಮಗಳನ್ನು ಯಾವಾಗ ಕಳಿಸುತ್ತಾರೋ ಯಾರೂ ಹೇಳುತ್ತಿಲ್ಲ. ಮೊದಲೆಲ್ಲ ಹೊರಡುವಾಗ ಮಗಳು ಸೆರಗು ಬಿಡುತ್ತಿರಲಿಲ್ಲ, ಬೆರಳು ಒಂದೊಂದಾಗಿ ಬಿಡಿಸಬೇಕಾಗುತ್ತಿತ್ತು.

"ಇವತ್ತು ಅಳಲೇ ಇಲ್ಲ," ಎಂದಳು. "ಬಾಯ್ ಅಂತ ಹೇಳಿ ಹೋಗಿ ಕಾರಲ್ಲಿ ಕೂತ್ಕೊಂಡ್ಳು. ತಿರುಗಿ ನೋಡಲಿಲ್ಲ. ನೀನು ಇದನ್ನೆಲ್ಲ ಓದಿದೀಯಲ್ಲ... ಅಳು ನಿಂತ್ರೆ ಒಳ್ಳೇದೇ ಅಲ್ವಾ ಅಕ್ಕ?"

ಅವಳು ಓದಿದ್ದಳು. ಅಮ್ಮನಿಂದ ದೂರವಾದ ಮಗು ಅಳು ನಿಲ್ಲಿಸಿದರೆ ದುಃಖ ತೀರಿತೆಂದಲ್ಲ, ಎಷ್ಟೋ ಸಲ ಕಾಯುವುದನ್ನೇ ಬಿಟ್ಟಿದೆ ಎಂದರ್ಥ ಅಂತ ಪರೀಕ್ಷೆಯಲ್ಲಿ ಪುಟ ತುಂಬ ಬರೆದಿದ್ದಳು.

"ಹೂಂ," ಎಂದಳು. "ಒಳ್ಳೇದೇ."

ತಂಗಿ ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಬಸ್ಸು ಬಂದಾಗ ಇಬ್ಬರೂ ಏಳಲಿಲ್ಲ. ಅದು ಬಾಗಿಲು ತೆರೆದು ಸ್ವಲ್ಪ ಹೊತ್ತು ನಿಂತು, ಮತ್ತೆ ಮುಚ್ಚಿಕೊಂಡು ಹೊರಟುಹೋಯಿತು.